ಕಾಣಿಸಿಕೊಳ್ಳದವರ ತಪ್ಪೇನು?

‘ಬಿಗ್ ಬಾಸ್’ ಕನ್ನಡದ ನಾಮಿನೇಷನ್‌ಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಕಾರಣ ನನ್ನನ್ನು ಕಾಡುತ್ತದೆ: ‘ಇವರು ಮನೇಲಿ ಅಷ್ಟಾಗಿ ಕಾಣಿಸಿಕೊಳ್ತಿಲ್ಲ.’ ಹಾಗೆ ಹೇಳಿಸಿಕೊಂಡವರು ಬೆಳಿಗ್ಗೆ ಎಲ್ಲರಿಗೂ ಅಡುಗೆ ಮಾಡಿರಬಹುದು, ಅತ್ತವರ ಪಕ್ಕದಲ್ಲಿ ಸುಮ್ಮನೆ ಕೂತಿರಬಹುದು. ಅದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಒಳಗಿರುವವರು ಎಪಿಸೋಡ್ ನೋಡುವಂತಿಲ್ಲ. ಆದರೂ ಯಾರು ಕಾಣುತ್ತಿದ್ದಾರೆ, ಯಾರು ಇಲ್ಲ ಎಂದು ತೀರ್ಪು ಕೊಡುತ್ತಾರೆ. ಹೊರಗಿನ ಎಡಿಟರ್‌ನ ಕಣ್ಣು ಅವರಿಗೆ ಅಂಟಿಕೊಂಡುಬಿಟ್ಟಿದೆ. ಆ ಕಣ್ಣಿಗೆ ಬೇಕಾದ್ದು ಏನೆಂಬುದೂ ಅವರಿಗೆ ಗೊತ್ತು. ದಿನವಿಡೀ ನಡೆದದ್ದು ರಾತ್ರಿಯ ಒಂದು ಎಪಿಸೋಡಿಗೆ ಇಳಿಯಬೇಕು. ಇಬ್ಬರ ನಡುವೆ ಸ್ನೇಹ ಬಲಿಯುವುದನ್ನು ತೋರಿಸಲು ವಾರಗಳು ಬೇಕು. ಏರುದನಿಯ ಜಗಳ ಅರ್ಧ ನಿಮಿಷದ ಪ್ರೋಮೊದಲ್ಲಿ, ಹಿಂದುಮುಂದು ತಿಳಿಯದವರಿಗೂ ಅರ್ಥವಾಗುತ್ತದೆ. ಅದೇ ಜಗಳ ಶನಿವಾರ ನಿರೂಪಕ ಸುದೀಪ್ ಅವರ ಪಂಚಾಯಿತಿಗೂ ಒದಗುತ್ತದೆ.

ಸ್ಪರ್ಧಿಗಳ ಸ್ವಭಾವವೇ ಒರಟು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಆಟದ ಕಟ್ಟುಪಾಡು ನೋಡಿ. ಫೋನಿಲ್ಲ, ಪತ್ರಿಕೆಯಿಲ್ಲ, ದಿನಸಿಗೂ ಮಿತಿ. ಜೊತೆಗೆ ಉಂಡವರನ್ನೇ ವಾರ ವಾರ ಹೆಸರಿಸಿ, ಕಾರಣ ಹೇಳಿ ಹೊರದಬ್ಬಲು ಸೂಚಿಸಬೇಕು. ಅದರ ಮೇಲೆ ತಮ್ಮೊಳಗೇ ‘ಉತ್ತಮ’, ‘ಕಳಪೆ’ ಯಾರೆಂದು ಆರಿಸುವುದು ಬೇರೆ. ಕಳಪೆ ಎನಿಸಿದವರು ಮನೆಯ ಜೈಲಿನಲ್ಲಿ, ಕಂಬಿಯ ಹಿಂದೆ. ಒಬ್ಬ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ‘ನೀವು ಕಳಪೆ’ ಅಂದಮೇಲೆ ಆ ರಾತ್ರಿ ಅದೇ ಮನೆಯಲ್ಲಿ ತಟ್ಟೆ ಹಿಡಿದು ಕೂರುವುದು ಹೇಗೆ? ಎಂಥ ಸಾಧುವೂ ಸಿಡಿಯುತ್ತಾನೆ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಇದರ ಮೂಲವಾದ ‘ಬಿಗ್ ಬ್ರದರ್’ ಶುರುವಾದಾಗಿನಿಂದ ನಾಮಿನೇಷನ್ನೇ ಈ ಆಟದ ಬೆನ್ನೆಲುಬು.

‘ಜನ ಬಯಸುವುದೇ ಇದನ್ನು’ ಎಂಬ ಸಮರ್ಥನೆಯನ್ನು ನಾನು ಒಪ್ಪಲಾರೆ. 2019ರ ಜನವರಿಯಲ್ಲಿ ಕನ್ನಡಿಗರು ಗೆಲ್ಲಿಸಿದ್ದು ರೈತ ಶಶಿಕುಮಾರ್ ಅವರನ್ನು. ಹನ್ನೊಂದನೇ ಆವೃತ್ತಿಯಲ್ಲಂತೂ ಹೊಡೆದಾಟದ ಹಂತಕ್ಕೆ ಹೋದ ಇಬ್ಬರನ್ನು ಮನೆಯಿಂದ ಹೊರಗೆ ಕಳಿಸಬೇಕಾಯಿತು. ಆ ಗದ್ದಲದ ಬೆನ್ನಿಗೇ ವೈಲ್ಡ್ ಕಾರ್ಡಿನಲ್ಲಿ ಒಳಗೆ ಬಂದವರು ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ. 2025ರ ಜನವರಿಯಲ್ಲಿ ಟ್ರೋಫಿ ಎತ್ತಿದ್ದು ಅವರೇ. ಜಗಳವನ್ನು ಜನ ನೋಡುತ್ತಾರೆ, ನಿಜ. ರಸ್ತೆಯಲ್ಲಿ ನಡೆದರೂ ನಿಂತು ನೋಡುತ್ತಾರೆ. ಮತ ಹಾಕುವಾಗ ಅವರ ಕೈ ಬೇರೆ ಕಡೆ ಹೋಗುತ್ತದೆ. ಇಷ್ಟು ವರ್ಷಗಳ ಮತದಲ್ಲಿ ಇದು ಕಣ್ಣೆದುರಿಗಿದ್ದರೂ ಪ್ರೋಮೊ ಕತ್ತರಿಸುವವರು ಮಾತ್ರ ಕೂಗಾಟವನ್ನೇ ಹುಡುಕುತ್ತಾರೆ.

ಮುಂದಿನ ಸಲ ಯಾರನ್ನಾದರೂ ‘ಕಾಣಿಸಿಕೊಳ್ತಿಲ್ಲ’ ಎಂದಾಗ, ಅವರು ಆ ವಾರ ಮಾಡಿದ್ದನ್ನು ಕಾರ್ಯಕ್ರಮದವರು ಹತ್ತೇ ಹತ್ತು ನಿಮಿಷ ನಮಗೆ ತೋರಿಸಲಿ. ಕ್ಯಾಮೆರಾಗಳೇನೋ ಅಲ್ಲೇ ಇದ್ದವಲ್ಲ.