ದೆವ್ವ ವಸೂಲಿಗೆ ಬಂದಾಗ

ಮಾರ್ಗಾ ಲೋಪೆಸ್ ಕಥೆಯನ್ನು ಹೇಳುವವರೆಲ್ಲ ಬೆಟ್ಟ ಹತ್ತಿ ಇಳಿದವರ ಕಥೆಯ ಹಾಗೆ ಹೇಳುತ್ತಾರೆ. ಅರ್ಜೆಂಟೀನಾದ ತುಕುಮಾನ್‌ನಲ್ಲಿ 1924ರಲ್ಲಿ ಹುಟ್ಟಿದ್ದು. ಒಡಹುಟ್ಟಿದವರ ಜೊತೆ ಹಾಡಿ ಕುಣಿಯುವ ತಂಡ ಕಟ್ಟಿಕೊಂಡು ಮೆಕ್ಸಿಕೊ ಸೇರಿದ್ದು. 1949ರ 'ಸಲೋನ್ ಮೆಕ್ಸಿಕೊ'ದಲ್ಲಿ ಹೆಸರು ಮಾಡಿ ಅಲ್ಲಿನ ದೊಡ್ಡ ಪ್ರಶಸ್ತಿ ಆರಿಯೆಲ್ ಪಡೆದದ್ದು. 1959ರ 'ನಾಸಾರೀನ್'ನಲ್ಲಿ ಲೂಯಿಸ್ ಬುನ್ಯುಎಲ್ ಕೈಗೆ ಸಿಕ್ಕಿ ಶಿಖರ ಮುಟ್ಟಿದ್ದು. ಅಲ್ಲಿಂದ ಇಳಿಜಾರು. ವಯಸ್ಸಾಯಿತು, ಮೆಕ್ಸಿಕೊದ ಸಿನಿಮಾಕ್ಕೂ ವಯಸ್ಸಾಯಿತು, ಕೊನೆಗೆ ದೆವ್ವದ ಸಿನಿಮಾಗಳಲ್ಲಿ ಗಂಟುಮುಖದ ಟೀಚರಮ್ಮನಾಗಿ ನಿಲ್ಲಬೇಕಾಯಿತು, ಪಾಪ.

ಈ 'ಪಾಪ'ದ ಬಗ್ಗೆಯೇ ನನ್ನ ತಕರಾರು. 1968ರಲ್ಲಿ ಕಾರ್ಲೋಸ್ ಎನ್ರಿಕೆ ತಬೋವಾದಾ ತೆಗೆದ 'ಆಸ್ತಾ ಎಲ್ ವಿಯೆಂತೊ ತಿಯೆನೆ ಮಿಯೆದೊ', ಅಂದರೆ 'ಗಾಳಿಗೂ ಹೆದರಿಕೆ', ಮಾರ್ಗಾ ಅವರ ಇಳಿಗಾಲದ ಚಿತ್ರ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅವರ ಹಿಂದಿನ ಕಣ್ಣೀರಿನ ಚಿತ್ರಗಳು ಬರೆದಿಟ್ಟ ಸಾಲದ ಚೀಟಿ ಅಲ್ಲಿ ವಸೂಲಿಗೆ ಬರುತ್ತದೆ. ಅದನ್ನು ನೋಡದೆ 'ಸಲೋನ್ ಮೆಕ್ಸಿಕೊ'ವನ್ನೂ ಪೂರ್ತಿ ನೋಡಿದ ಹಾಗಾಗುವುದಿಲ್ಲ.

ಆ ಹಳೆಯ ಚಿತ್ರವನ್ನು ಕೊಂಚ ಹತ್ತಿರದಿಂದ ನೋಡೋಣ. ಶುರುವಾಗುವುದೇ ದಾನ್ಸೋನ್ ಸ್ಪರ್ಧೆಯಿಂದ. ಕ್ಯೂಬಾದಿಂದ ಬಂದ ಈ ಕುಣಿತದಲ್ಲಿ ಹಾರಾಟ ಇಲ್ಲ. ಒಂದು ಇಟ್ಟಿಗೆಯ ಮೇಲೆ ಕುಣಿಯಬೇಕು ಅನ್ನುತ್ತಾರಲ್ಲ, ಅಷ್ಟು ಚಿಕ್ಕ ಜಾಗ. ಬೆನ್ನು ನೆಟ್ಟಗೆ, ಮುಖದಲ್ಲಿ ಭಾವ ಕಡಿಮೆ. ನಡುನಡುವೆ ಸಂಗೀತ ಒಂದು ಹದಕ್ಕೆ ಬಂದಾಗ ಜೋಡಿಗಳು ಕುಣಿತ ನಿಲ್ಲಿಸಿ ಸುಮ್ಮನೆ ನಿಂತುಬಿಡುತ್ತವೆ. ಮತ್ತೆ ಸರದಿ ಬಂದಾಗ ಹೆಜ್ಜೆ. ಮಾರ್ಗಾ ಆಡಿದ ಮರ್ಸೆಡಿಸ್ ಮತ್ತು ಅವಳ ದಲ್ಲಾಳಿ ಪಾಕೊ ಗೆಲ್ಲುತ್ತಾರೆ. ಬಹುಮಾನದ ಹಣ ಅವಳಿಗೆ ಬೇಕೇಬೇಕು, ಆದರೆ ಪಾಕೊ ಎಲ್ಲವನ್ನೂ ಜೇಬಿಗಿಳಿಸುತ್ತಾನೆ. ಅವನು ಮಲಗಿದ ಮೇಲೆ ಅವಳು ಅವನ ಕೋಣೆಗೆ ನುಗ್ಗಿ ಕದಿಯುತ್ತಾಳೆ. ಗಾಬ್ರಿಯೆಲ್ ಫಿಗೆರೋವಾ ಅವರ ಕ್ಯಾಮೆರಾ ಕತ್ತಲನ್ನು ಎಷ್ಟು ಚೆಂದ ಕತ್ತರಿಸುತ್ತದೆ ಅಂತ ಪುಟಗಟ್ಟಲೆ ಬರೆದವರಿದ್ದಾರೆ, ಬರೆಯಲಿ. ನಾನು ನೋಡುವುದು ಮಾರ್ಗಾ ಅವರ ನಿಲುಗಡೆಗಳನ್ನು. ಕುಣಿತದಲ್ಲಿ ನಿಂತ ಹಾಗೆಯೇ ಕಳ್ಳತನದಲ್ಲೂ ಅವರು ನಿಲ್ಲುತ್ತಾರೆ. ಉಸಿರು ಮಾತ್ರ ಓಡುತ್ತಿರುತ್ತದೆ.

ಹಣ ಯಾತಕ್ಕೆ? ತಂಗಿ ಬೆಯಾತ್ರಿಸ್ ದುಬಾರಿ ಬೋರ್ಡಿಂಗ್ ಶಾಲೆಯಲ್ಲಿ ಓದುತ್ತಿದ್ದಾಳೆ. ರಾತ್ರಿ ಡಾನ್ಸ್ ಹಾಲಿನಲ್ಲಿ ಮೈ ಮಾರಿದ ದುಡ್ಡು ಬೆಳಿಗ್ಗೆ ಫೀಸಾಗಿ ಶಾಲೆಯ ಗೇಟಿನೊಳಗೆ ಹೋಗುತ್ತದೆ. ಭೇಟಿಯ ದಿನ ಮರ್ಸೆಡಿಸ್ ಮೈತುಂಬ ಮುಚ್ಚುವ ಬಟ್ಟೆ ಹಾಕಿಕೊಂಡು, ಬೇರೆ ಹೆಂಗಸಾಗಿ ಬರುತ್ತಾಳೆ. ಮುಖ್ಯೋಪಾಧ್ಯಾಯಿನಿಯ ಮಗ ಫಿಲಿಪ್ಪೀನ್ಸ್ ಯುದ್ಧದಿಂದ ಮರಳಿದ ವಿಮಾನದಳದವನು, ಅವನಿಗೂ ತಂಗಿಗೂ ಮದುವೆಯ ಮಾತು ನಡೆದಿದೆ. ಗುಟ್ಟು ಬಯಲು ಮಾಡುತ್ತೇನೆಂದು ಪಾಕೊ ಬೆದರಿಸುತ್ತಾನೆ. ಅವಳು ಚೂರಿ ಹಾಕುತ್ತಾಳೆ, ಅವನು ಗುಂಡು ಹಾರಿಸುತ್ತಾನೆ, ಇಬ್ಬರೂ ಸಾಯುತ್ತಾರೆ. ತಂಗಿಯ ಬಾಳು ಬೆಳಗುತ್ತದೆ. ಅಕ್ಕ ತ್ಯಾಗಮಯಿ. ಪರದೆ ಬೀಳುತ್ತದೆ.

ಮೆಲೋಡ್ರಾಮಾ ಅನ್ನುವ ಪದ ನಮ್ಮ ವಿಮರ್ಶೆಯಲ್ಲೂ ಬೈಗುಳವೇ. ಅತಿಯಾಯಿತು, ಅಳಿಸಲು ಹೊರಟರು, ಹಿನ್ನೆಲೆ ಸಂಗೀತ ಕಿವಿ ಹರಿಯಿತು, ಇಷ್ಟು ಹೇಳಿದರೆ ತೀರ್ಪು ಮುಗಿಯಿತು. ಅತಿಯ ಬಗ್ಗೆ ನನ್ನ ದೂರಿಲ್ಲ. ದೂರಿರುವುದು ಲೆಕ್ಕದ ಬಗ್ಗೆ. ಮರ್ಸೆಡಿಸ್ ಕೊಟ್ಟದ್ದೆಷ್ಟು, ಅವಳಿಗೆ ಸಿಕ್ಕಿದ್ದೆಷ್ಟು? ಹೊಗಳಿಕೆ ಸಿಕ್ಕಿತು. ಈ ಬಗೆಯ ಚಿತ್ರಗಳಲ್ಲಿ ಸತ್ತ ಹೆಂಗಸು ಎಲ್ಲರನ್ನೂ ಕ್ಷಮಿಸಿಬಿಟ್ಟಿರುತ್ತಾಳೆ, ಏಕೆಂದರೆ ಅವಳು ಮತ್ತೆ ಬಾಯಿ ಬಿಡುವ ಹಾಗಿಲ್ಲ. ಪೆದ್ರೊ ಇನ್ಫಾಂತೆ ಜೊತೆ ಮಾರ್ಗಾ ಮಾಡಿದ 1952ರ 'ಉನ್ ರಿಂಕೋನ್ ಸೆರ್ಕಾ ದೆಲ್ ಸಿಯೆಲೊ' ಬಡ ದಂಪತಿಯ ಗೋಳಿನ ಚಿತ್ರ. ಅಲ್ಲಂತೂ ಕಷ್ಟಗಳು ಒಂದರ ಮೇಲೊಂದು ಎಷ್ಟು ಬೀಳುತ್ತವೆಂದರೆ ಸ್ವಲ್ಪ ಹೊತ್ತಾದ ಮೇಲೆ ನೋಡುವವರಿಗೆ ನಗುವೇ ಬರುತ್ತದೆ. ಅದನ್ನು ಸಮರ್ಥಿಸಿಕೊಳ್ಳಲು ನಾನು ಹೋಗುವುದಿಲ್ಲ.

ದೆವ್ವದ ಸಿನಿಮಾ ಈ ಲೆಕ್ಕವನ್ನು ಮತ್ತೆ ತೆರೆಯುತ್ತದೆ. ಅಲ್ಲಿ ಸತ್ತವರು ಬಾಯಿ ಬಿಡಬಹುದು.

ಮೆಕ್ಸಿಕೊದಲ್ಲಿ ಕಣ್ಣೀರು ಮೇಲ್ಜಾತಿ, ದೆವ್ವ ಕೀಳ್ಜಾತಿ ಅನ್ನುವ ಮಾತೇ ನಿಲ್ಲುವುದಿಲ್ಲ. ಆ ನಾಡಿನ ಹಳೆಯ ದೆವ್ವ ಯಾರು? ಯೊರೋನಾ: ತನ್ನ ಮಕ್ಕಳನ್ನು ತಾನೇ ನೀರಿಗೆ ಹಾಕಿ ಆಮೇಲೆ ರಾತ್ರಿಯೆಲ್ಲ ಅಳುತ್ತ ಅಲೆಯುವ ತಾಯಿ. ಹೆಸರಿನ ಅರ್ಥವೇ ಅಳುವವಳು. ಅವಳ ಹೆಸರಿನ ಚಿತ್ರ 1933ರಲ್ಲೇ, ಮಾತಿನ ಸಿನಿಮಾ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಬಂತು. ಕೆಲಸ ಮಾಡುವವರ ಮಟ್ಟಿಗೂ ಈ ಎರಡು ಕೇರಿಗಳ ನಡುವೆ ಬೇಲಿ ಇರಲಿಲ್ಲ. 1947ರ 'ಲೋಸ್ ತ್ರೆಸ್ ಗಾರ್ಸಿಯಾ'ದಲ್ಲಿ ಅಮೆರಿಕದಿಂದ ಬಂದ ಮಾರ್ಗಾಳ ಹಿಂದೆ ಬೀಳುವ ಮೂವರು ಗಾರ್ಸಿಯಾಗಳಲ್ಲಿ ಒಬ್ಬನಾದ ಆಬೆಲ್ ಸಲಾಸಾರ್ ಹತ್ತು ವರ್ಷ ಕಳೆದು 'ಎಲ್ ವಾಂಪಿರೊ' ನಿರ್ಮಿಸಿ ಮೆಕ್ಸಿಕೊದ ದೆವ್ವದ ಚಿತ್ರಗಳಿಗೆ ಹೊಸ ದಾರಿ ಹಾಕಿದರು. 'ನಾಸಾರೀನ್'ನಲ್ಲಿ ಪಾದ್ರಿಯ ಹಿಂದೆ ಹೊರಟ ಇಬ್ಬರು ಹೆಂಗಸರಲ್ಲಿ ಮಾರ್ಗಾ ಒಬ್ಬರು, ಇನ್ನೊಬ್ಬರು ರೀತಾ ಮಸೆದೊ. ಅದೇ ರೀತಾ ಸಲಾಸಾರ್ ನಿರ್ಮಾಣದ 'ಲಾ ಮಾಲ್ದಿಸಿಯೋನ್ ದೆ ಲಾ ಯೊರೋನಾ'ದಲ್ಲಿ ಮಾಟಗಾರ್ತಿಯಾದರು. ಬುನ್ಯುಎಲ್ ಚಿತ್ರದ ಇಬ್ಬರೂ ನಾಯಕಿಯರು ದೆವ್ವದ ಮನೆಗೆ ಹೋದರೆ ಅದನ್ನು ಅವನತಿ ಅನ್ನಬೇಕೋ, ನೆರೆಮನೆ ಅನ್ನಬೇಕೋ?

ಈಗ 'ಗಾಳಿಗೂ ಹೆದರಿಕೆ'ಗೆ ಬರೋಣ. ಮತ್ತೆ ಒಂದು ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆ. ಕ್ಲೌದಿಯಾ ಅನ್ನುವ ಹುಡುಗಿಗೆ ಕನಸಿನಲ್ಲಿ ನೇತಾಡುವ ದೇಹವೊಂದು ಕಾಣುತ್ತದೆ, ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಗೆಳತಿಯರ ಜೊತೆ ಅವಳು ಹೋಗಬಾರದ ಗೋಪುರಕ್ಕೆ ಹೋಗಿ ಸಿಕ್ಕಿಬೀಳುತ್ತಾಳೆ. ಶಿಕ್ಷೆ: ರಜೆ ರದ್ದು, ಎಲ್ಲರೂ ಮನೆಗೆ ಹೋದ ಮೇಲೂ ಇವರು ಖಾಲಿ ಶಾಲೆಯಲ್ಲಿರಬೇಕು. ಶಿಕ್ಷೆ ಕೊಡುವವಳು ಮುಖ್ಯೋಪಾಧ್ಯಾಯಿನಿ ಬೆರ್ನಾರ್ದಾ. ಅದೇ ಮಾರ್ಗಾ ಲೋಪೆಸ್.

ಹಿಂದೆ ಆಂದ್ರೆಯಾ ಅನ್ನುವ ವಿದ್ಯಾರ್ಥಿನಿ ಇದ್ದಳು. ತಾಯಿಗೆ ಕಾಯಿಲೆ, ನೋಡಿ ಬರುತ್ತೇನೆ ಅಂದರೆ ಬೆರ್ನಾರ್ದಾ ಬಿಡಲಿಲ್ಲ. ತಾಯಿ ಸತ್ತಳು. ಹುಡುಗಿ ಗೋಪುರದಲ್ಲಿ ನೇಣು ಹಾಕಿಕೊಂಡಳು. ಯೊರೋನಾಳ ಕಥೆಯನ್ನು ತಿರುಗಿಸಿ ಹಾಕಿದ ಹಾಗಿದೆ, ಇಲ್ಲಿ ಅಲೆಯುವುದು ತಾಯಿಯನ್ನು ಕಳೆದುಕೊಂಡ ಮಗು. ಆ ಮಗು ಕ್ಲೌದಿಯಾಳ ಮೈಮೇಲೆ ಬಂದು ಲೆಕ್ಕ ಚುಕ್ತಾ ಮಾಡುತ್ತದೆ.

ಚಾಲ್ತಿಯಲ್ಲಿರುವ ಅಭಿಪ್ರಾಯ ಬೆರ್ನಾರ್ದಾಳನ್ನು ಖಳನಾಯಕಿ ಅನ್ನುತ್ತದೆ. ತುಸು ಓದಿಕೊಂಡವರು ಇನ್ನೊಂದು ಮೆಟ್ಟಿಲು ಹತ್ತಿ ಅವಳನ್ನು ಮೆಕ್ಸಿಕೊದ ಸರ್ಕಾರ ಅನ್ನುತ್ತಾರೆ: 1968, ಅಕ್ಟೋಬರ್ 2, ಒಲಿಂಪಿಕ್ಸ್‌ಗೆ ಹತ್ತು ದಿನ ಮುಂಚೆ ತ್ಲಾತೆಲೋಲ್ಕೊ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತಲ್ಲ, ಯುವಜನರನ್ನು ಕೂಡಿಹಾಕುವ ಈ ಶಾಲೆ ಅದೇ ದೇಶ ಅಂತ. ಚಿತ್ರವನ್ನು ಬರೆದು ತೆಗೆದದ್ದು ಆ ದಿನಕ್ಕೆ ಮುಂಚೆ. ಅದಿರಲಿ, ಗಾಳಿಯಲ್ಲಿದ್ದದ್ದು ಕಲಾವಿದನಿಗೆ ಮೊದಲು ತಟ್ಟಿರಬಹುದು. ಆ ಓದನ್ನು ಸುಳ್ಳು ಅನ್ನುವುದಿಲ್ಲ, ಸಲೀಸು ಅನ್ನುತ್ತೇನೆ. ಬೆರ್ನಾರ್ದಾ ಅಂದರೆ ಸರ್ಕಾರ ಅಂದುಬಿಟ್ಟರೆ ಮಾರ್ಗಾ ಅವರ ಮುಖವನ್ನು ನೋಡುವ ಕೆಲಸವೇ ಉಳಿಯುವುದಿಲ್ಲ. ಹೆಸರು ಕೇಳಿದ ಕೂಡಲೇ ಲೋರ್ಕಾ ನಾಟಕದ ಬೆರ್ನಾರ್ದಾ ಆಲ್ಬಾ, ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿದ ಆ ತಾಯಿ, ನೆನಪಾಗುವುದು ಸಹಜವೇ. ಅವಳೂ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತಾಳೆ.

ಮುಖ ನೋಡಿ. ಖಳನಾಯಕಿಯನ್ನು ಆಡುವವರು ಶಿಕ್ಷೆ ಕೊಡುವಾಗ ಒಂದು ಸಣ್ಣ ಸುಖ ಕಾಣಿಸುತ್ತಾರೆ, ಹುಬ್ಬು ಏರುತ್ತದೆ, ತುಟಿ ಓರೆಯಾಗುತ್ತದೆ. ಮಾರ್ಗಾ ಅದನ್ನು ಮಾಡುವುದಿಲ್ಲ. ದನಿ ಏರಿಸದೆ, ಸರದಿ ಮುಗಿಸಿದ ಕುಣಿತಗಾತಿಯ ಹಾಗೆ ನೆಟ್ಟಗೆ ನಿಂತು, ರಜೆ ಇಲ್ಲ ಅನ್ನುತ್ತಾರೆ. ಸುತ್ತ ಹುಡುಗಿಯರು ಹಾರುತ್ತಾರೆ, ಕಿರುಚುತ್ತಾರೆ, ಅವರಲ್ಲೊಬ್ಬಳಾದ ಕಿಟ್ಟಿ ಬಟ್ಟೆ ಬಿಚ್ಚುತ್ತ ಕುಣಿಯುವ ಒಂದು ದೃಶ್ಯವೂ ಇದೆ. ತಬೋವಾದಾ ಟಿಕೆಟ್ ಕಿಟಕಿಯ ಕಡೆ ಕಣ್ಣಿಟ್ಟು ಹಾಕಿದ್ದು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಆ ಗದ್ದಲದ ನಡುವೆ ಈ ಹೆಂಗಸೊಬ್ಬಳು ತನ್ನ ಇಟ್ಟಿಗೆ ಬಿಟ್ಟು ಕದಲುವುದಿಲ್ಲ. ಶಿಸ್ತು ಅವಳಿಗೆ ಚಟವಲ್ಲ, ನಂಬಿಕೆ. ಯಾರೋ ಬೆವರು ಸುರಿಸಿ ಫೀಸು ಕಟ್ಟಿದ್ದಾರೆ, ಆ ದುಡ್ಡಿಗೆ ನಾನು ಹೊಣೆ ಅನ್ನುವ ಹಾಗಿದೆ ಆ ನಿಲುವು.

ಫೀಸು ಕಟ್ಟಿದವರು ಯಾರೆಂದು ನಮಗೆ ಗೊತ್ತು. ಇದೇ ಮುಖ 19 ವರ್ಷ ಹಿಂದೆ ಗೇಟಿನ ಹೊರಗೆ ನಿಂತಿತ್ತು. ಮರ್ಸೆಡಿಸ್ ಹಣ ಕೊಟ್ಟು ಕೊಂಡದ್ದಾದರೂ ಏನು? ತಂಗಿ ತನ್ನ ಹಾಗೆ ಆಗದಿರಲಿ ಅಂತ ಗೋಡೆ ಕೊಂಡಳು, ಗೇಟು ಕೊಂಡಳು, ಯಾರನ್ನೂ ಹೊರಗೆ ಬಿಡದ ಒಬ್ಬ ಮುಖ್ಯೋಪಾಧ್ಯಾಯಿನಿಯನ್ನು ಕೊಂಡಳು. ಅವಳು ಪ್ರಾಣ ಕೊಟ್ಟು ಬಯಸಿದ್ದು ಒಬ್ಬ ಬೆರ್ನಾರ್ದಾಳನ್ನು. 1949ರಲ್ಲಿ ನಾವು ಚಪ್ಪಾಳೆ ತಟ್ಟಿದ ತ್ಯಾಗ ಗೇಟಿನೊಳಗೆ ಹೋಗಿ ಏನಾಗುತ್ತದೆ ಅನ್ನುವುದನ್ನು ತಬೋವಾದಾ ತೋರಿಸಿದರು. ಮರ್ಸೆಡಿಸ್ ಸಾಯುವಾಗ ತಂಗಿ ಬಳಿಯಲ್ಲಿರಲಿಲ್ಲ. ಆಂದ್ರೆಯಾಳ ತಾಯಿ ಸಾಯುವಾಗಲೂ ಮಗಳು ಬಳಿಯಲ್ಲಿರಲಿಲ್ಲ. ಮೊದಲನೆಯದಕ್ಕೆ ನಾವು ಅತ್ತು ಮನೆಗೆ ಹೋದೆವು. ಎರಡನೆಯದಕ್ಕೆ ಒಬ್ಬರು ನೇಣುಗಂಬಕ್ಕೆ ಹೋಗಬೇಕಾಯಿತು, ಹೋದದ್ದು ಅದೇ ನಟಿ. ನಿರ್ದೇಶಕರು ಇದನ್ನೆಲ್ಲ ಯೋಚಿಸಿಯೇ ಮಾರ್ಗಾ ಅವರನ್ನು ಆರಿಸಿದರು ಅಂತ ನಾನು ವಾದಿಸುತ್ತಿಲ್ಲ. ನಟಿಯ ಮುಖ ಹಳೆಯ ಪಾತ್ರಗಳನ್ನು ಹೊತ್ತುಕೊಂಡೇ ಬರುತ್ತದೆ, ಮೆಕ್ಸಿಕೊದ ಥಿಯೇಟರಿನಲ್ಲಿ ಕೂತವರು ಮರ್ಸೆಡಿಸ್‌ಳನ್ನು ಮರೆತಿದ್ದಿರಲಾರರು.

'ನಾಸಾರೀನ್' ಶಿಖರ ಅನ್ನುವವರಿಗೂ ಒಂದು ಮಾತು. ಅದು ಮಹತ್ವದ ಚಿತ್ರವೇ, ಕಾನ್ ಉತ್ಸವದಲ್ಲಿ ಪ್ರಶಸ್ತಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಬುನ್ಯುಎಲ್ ಮೆಲೋಡ್ರಾಮಾದ ನಟಿಯನ್ನು ಅದರಿಂದ ಮೇಲಕ್ಕೆತ್ತಿದರು ಅನ್ನುವುದು ತಲೆಕೆಳಗಾದ ಮಾತು. ಅವರಿಗೆ ಬೇಕಿದ್ದದ್ದೇ ಆ ಮೆಲೋಡ್ರಾಮಾ. ಅಲ್ಲಿ ಮಾರ್ಗಾ ಆಡಿದ ಬೆಯಾತ್ರಿಸ್ (ಹೌದು, ಆ ತಂಗಿಯ ಹೆಸರೇ) ಪಿಂಟೊ ಅನ್ನುವವನ ಮೋಹದಲ್ಲಿ ಬೆಂದವಳು. ಅವನ ತುಟಿ ಕಚ್ಚಿ ರಕ್ತ ಬರಿಸಿದ ಹಾಗೆ ಹಗಲುಗನಸು ಕಾಣುತ್ತಾಳೆ, ಬಿಲ್ಲಿನ ಹಾಗೆ ಬೆನ್ನು ಬಾಗಿಸಿ ಮೂರ್ಛೆ ಹೋಗುತ್ತಾಳೆ. ಆಮೇಲೆ ಪಾದ್ರಿ ನಾಸಾರೀನ್‌ನ ಶಿಷ್ಯೆಯಾಗುತ್ತಾಳೆ. ಒಂದು ರಾತ್ರಿ ನಾಸಾರೀನ್ ಅಂಗೈ ಮೇಲೆ ಬಸವನಹುಳು ಇಟ್ಟುಕೊಂಡು ಅದರ ಜೊತೆ ಮಾತಾಡುತ್ತಿರುವಾಗ ಅವಳ ತಲೆ ಅವನ ಹೆಗಲ ಮೇಲಿದೆ. ಅವನ ಗಮನವೆಲ್ಲ ಹುಳುವಿನ ಮೇಲೆ. ಚಿತ್ರದ ಕೊನೆಯಲ್ಲಿ ಅವಳು ಗಾಡಿಯಲ್ಲಿ ಪಿಂಟೊನ ಜೊತೆ ಹೋಗುತ್ತಿದ್ದಾಳೆ, ತಲೆ ಅವನ ಹೆಗಲ ಮೇಲೆ. ದಾರಿಯಲ್ಲಿ ಕೈದಿಯಾಗಿ ನಡೆಯುತ್ತಿರುವ ಪಾದ್ರಿ ಅವಳ ಕಣ್ಣಿಗೆ ಬೀಳುವುದೂ ಇಲ್ಲ. ಎರಡು ಹೆಗಲಿಗೂ ತಲೆ ಒರಗಿದ್ದು ಒಂದೇ ರೀತಿ. ದೈವಭಕ್ತಿ, ದೇಹದ ಬಯಕೆ ಎರಡಕ್ಕೂ ಒಂದೇ ಒರಗು ಕೊಡಬೇಕಾದರೆ ವರ್ಷಗಟ್ಟಲೆ ಮೆಲೋಡ್ರಾಮಾದಲ್ಲಿ ಒರಗಿ ಅಭ್ಯಾಸವಿರಬೇಕು.

'ಗಾಳಿಗೂ ಹೆದರಿಕೆ'ಯ ಮರುವರ್ಷ ತಬೋವಾದಾ ತೆಗೆದ 'ಎಲ್ ಲಿಬ್ರೊ ದೆ ಪಿಯೆದ್ರಾ'ದ ಬಗ್ಗೆ ಹೆಚ್ಚು ಹೇಳಲಾರೆ. ಮನೆಪಾಠಕ್ಕೆ ಬಂದ ಹೂಲಿಯಾ (ಮಾರ್ಗಾ), ತೋಟದ ಕಲ್ಲಿನ ಹುಡುಗನ ಜೊತೆ ಗೆಳೆತನ ಬೆಳೆಸಿದ ಪುಟ್ಟ ಸಿಲ್ವಿಯಾ. ಇದನ್ನು 1961ರ 'ದಿ ಇನ್ನೊಸೆಂಟ್ಸ್'ನ ನಕಲು ಅನ್ನುವುದು ಅನ್ಯಾಯ; ಅಲ್ಲಿ ಪಾಠ ಹೇಳುವವಳ ತಲೆಯೇ ಕೆಟ್ಟಿರಬಹುದು ಅನ್ನುವ ಅನುಮಾನ ಚಿತ್ರವನ್ನು ನಡೆಸುತ್ತದೆ, ಇಲ್ಲಿ ಹೂಲಿಯಾಳ ತಲೆ ಮನೆಯಲ್ಲಿ ಎಲ್ಲರಿಗಿಂತ ನೆಟ್ಟಗಿದೆ. ನೆಟ್ಟಗಿರುವುದೇ ಮಾರ್ಗಾ ಅವರಿಗೆ ತೊಂದರೆಯಾಯಿತು. ಕೇಳಲು ಪ್ರಶ್ನೆಗಳಿವೆ, ತೀರಿಸಲು ಸಾಲವಿಲ್ಲ. ಚಿತ್ರ ಮಗುವಿನದ್ದು, ತೋಟದ್ದು.

'ಗಾಳಿಗೂ ಹೆದರಿಕೆ'ಯನ್ನು 2007ರಲ್ಲಿ ಮತ್ತೆ ತೆಗೆದರು. ಶಾಲೆಯ ಬದಲು ಅಲ್ಲೊಂದು ಚಿಕಿತ್ಸಾಲಯ. ಫೀಸಿಲ್ಲ, ಗೇಟಿನ ಹೊರಗೆ ಕಾಯುವ ಅಕ್ಕನಿಲ್ಲ, ಹಾಗಾಗಿ ಬೆರ್ನಾರ್ದಾ ಬರೀ ಕೆಟ್ಟವಳು. ಹೆದರಿಸುವುದಕ್ಕೆ ಸದ್ದು ಜಾಸ್ತಿ ಮಾಡಬೇಕಾಯಿತು.

'ಸಲೋನ್ ಮೆಕ್ಸಿಕೊ'ದ ತಂಗಿ ಸಿಲ್ವಿಯಾ ದೆರ್ಬೆಸ್ 1958ರಲ್ಲಿ ಮೆಕ್ಸಿಕೊದ ಮೊದಲ ಟೆಲಿನೊವೆಲಾದ ನಾಯಕಿಯಾದರು. ಅಕ್ಕನೂ ಕೊನೆಗೆ ಅಲ್ಲಿಗೇ ಬಂದರು. 1998ರ 'ಎಲ್ ಪ್ರಿವಿಲೆಹಿಯೊ ದೆ ಅಮಾರ್' ಧಾರಾವಾಹಿಯಲ್ಲಿ 74ರ ಮಾರ್ಗಾ, ದೇವರ ಹೆಸರಲ್ಲಿ ಮನೆಯಾಳುವ ತಾಯಿ ಆನಾ ಹೊವಾಕಿನಾ. ಪಾದ್ರಿಯಾಗಲಿರುವ ಮಗನಿಂದ ಬಸುರಾದ ಕೆಲಸದ ಹುಡುಗಿಯನ್ನು ಹೊರಗೆ ಹಾಕುತ್ತಾಳೆ. ಆಗಲೂ ದನಿ ಏರುವುದಿಲ್ಲ, ಬೆನ್ನು ನೆಟ್ಟಗೆ. ಹುಡುಗಿ ಬಾಗಿಲು ದಾಟಿದ ಮೇಲೆ ಆ ಮನೆಯಲ್ಲಿ ಯಾವ ಕಿಟಕಿಯೂ ಬಡಿದುಕೊಳ್ಳುವುದಿಲ್ಲ.