ಸ್ಟಾಕ್‌ಪೋರ್ಟಿನ ಮೂರು ವಾರಾಂತ್ಯ

ಮ್ಯಾಂಚೆಸ್ಟರಿನ ಜಾಯ್ ಡಿವಿಜನ್ ತಂಡದ ಮೊದಲ ಆಲ್ಬಂ ‘ಅನ್‌ನೋನ್ ಪ್ಲೆಷರ್ಸ್’ 1979ರ ಜೂನ್ 15ರಂದು ಬಿಡುಗಡೆಯಾಯಿತು. ಅದನ್ನು ನುಡಿಸಿದ ನಾಲ್ವರಲ್ಲಿ ಇಬ್ಬರಿಗೆ ಅದು ಹಿಡಿಸಲಿಲ್ಲ. ಗಿಟಾರ್ ನುಡಿಸುತ್ತಿದ್ದ ಬರ್ನಾರ್ಡ್ ಸಮ್ನರ್‌ಗೂ ಬೇಸ್ ಗಿಟಾರಿನ ಪೀಟರ್ ಹುಕ್‌ಗೂ ಇದ್ದದ್ದು ಒಂದೇ ದೂರು. ವೇದಿಕೆಯ ಮೇಲೆ ತಮ್ಮ ಸಂಗೀತಕ್ಕಿದ್ದ ಕಾವನ್ನು ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್ ಪೂರ್ತಿ ಇಳಿಸಿಬಿಟ್ಟಿದ್ದಾನೆ ಎಂದು ಅವರಿಗೆ ಅನಿಸಿತ್ತು. ದೂರು ನಿಜವಾದದ್ದೇ. ಆದರೂ ಈ ಆಲ್ಬಂ ಇಂದಿಗೂ ಹಳತಾಗದೆ ಉಳಿದಿರುವುದು ಹ್ಯಾನೆಟ್ ಮಾಡಿದ ಆ ಕೆಲಸದಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಂಡಕ್ಕೆ ಸ್ಟುಡಿಯೋದಲ್ಲಿ ಬೇಸರವಾದದ್ದು ಇದೇ ಮೊದಲಲ್ಲ. ಹಿಂದಿನ ವರ್ಷ ಆರ್‌ಸಿಎ ಕಂಪನಿಯ ಆಸಕ್ತಿಯಿಂದ ಮ್ಯಾಂಚೆಸ್ಟರಿನಲ್ಲೇ ಒಂದು ಇಡೀ ಆಲ್ಬಂ ಮುದ್ರಣವಾಗಿತ್ತು. ತಮ್ಮನ್ನು ಕೇಳದೆ ಅದಕ್ಕೆ ಸಿಂಥಸೈಜರ್ ಸೇರಿಸಿದ್ದನ್ನು ಕಂಡು ಇವರು ಆ ಒಪ್ಪಂದದಿಂದಲೇ ಹೊರಬಂದರು. ಆಮೇಲೆ ಸೇರಿದ್ದು ಫ್ಯಾಕ್ಟರಿ ರೆಕಾರ್ಡ್ಸನ್ನು. ಗ್ರಾನಡಾ ಟಿವಿಯ ನಿರೂಪಕ ಟೋನಿ ವಿಲ್ಸನ್ ಮತ್ತು ಗೆಳೆಯ ಅಲನ್ ಎರಾಸ್ಮಸ್ ಕಟ್ಟಿದ ಸಂಸ್ಥೆ ಅದು. ಪ್ಯಾಲಟೈನ್ ರಸ್ತೆಯಲ್ಲಿದ್ದ ಎರಾಸ್ಮಸ್‌ನ ಮನೆಯೇ ಕಚೇರಿ. ಖರ್ಚು ಕಳೆದು ಉಳಿದ ಲಾಭದಲ್ಲಿ ಅರ್ಧ ತಂಡಕ್ಕೆ, ಅರ್ಧ ಸಂಸ್ಥೆಗೆ. ಸಂಗೀತದ ಒಡೆತನ ಮಾತ್ರ ಪೂರ್ತಿ ಕಲಾವಿದರದ್ದು. ಲಂಡನ್ನಿನ ದೊಡ್ಡ ಕಂಪನಿಗಳು ಕಲಾವಿದರಿಗೆ ಚಿಕ್ಕದೊಂದು ರಾಯಲ್ಟಿ ಕೊಟ್ಟು ಮುದ್ರಿಕೆಯನ್ನು ತಾವೇ ಇಟ್ಟುಕೊಳ್ಳುತ್ತಿದ್ದ ಕಾಲ. ಇಂಡಿ ಸಂಗೀತ ಎಂದು ನಾವು ಇಂದು ಕರೆಯುವುದರ ಬುಡದಲ್ಲಿ ಇಂಥ ಲೆಕ್ಕಾಚಾರಗಳಿವೆ.

ಮುದ್ರಣ ನಡೆದದ್ದು ಮ್ಯಾಂಚೆಸ್ಟರಿನ ಮಗ್ಗುಲಲ್ಲಿರುವ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ. 10ಸಿಸಿ ತಂಡದವರು ತಮ್ಮ ಹಣ ಹಾಕಿ ಬೆಳೆಸಿದ ಸ್ಟುಡಿಯೋ ಅದು. ಅಲ್ಲಿನ ಸಲಕರಣೆ ಲಂಡನ್ನಿಗೆ ಸರಿಸಮವಾಗಿತ್ತು. 1979ರ ಏಪ್ರಿಲ್‌ನಲ್ಲಿ ಮೂರು ವಾರಾಂತ್ಯಗಳೊಳಗೆ ಹತ್ತು ಹಾಡುಗಳ ಕೆಲಸ ಮುಗಿಯಿತು. ಇಷ್ಟು ಕಡಿಮೆ ಸಮಯದಲ್ಲಿ ಹ್ಯಾನೆಟ್ ಸಾಧಿಸಿದ್ದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಆತ ರಸಾಯನಶಾಸ್ತ್ರ ಓದಿದವನು. ಒಂದೊಂದು ನಾದವನ್ನೂ ಬೇರೆಯದರ ಸೋಂಕಿಲ್ಲದೆ ಪ್ರತ್ಯೇಕವಾಗಿ ಹಿಡಿಯಬೇಕೆಂಬ ಹಟ ಅವನದು. ನಮ್ಮ ಕಛೇರಿಗಳಲ್ಲಿ ಗಾಯಕರ ಮೈಕಿಗೆ ಮೃದಂಗದ ಪೆಟ್ಟೂ ಸೇರಿಕೊಳ್ಳುತ್ತದಲ್ಲ, ಡ್ರಮ್ ಸೆಟ್ಟಿನಲ್ಲೂ ಹಾಗೆಯೇ ಒಂದರ ಮೈಕಿಗೆ ಇನ್ನೊಂದರ ಸದ್ದು ನುಗ್ಗುತ್ತದೆ. ಹ್ಯಾನೆಟ್‌ಗೆ ಅದು ಸಹ್ಯವಿರಲಿಲ್ಲ. ಡ್ರಮ್ಮರ್ ಸ್ಟೀಫನ್ ಮಾರಿಸ್‌ನಿಂದ ಒಂದೊಂದು ಡ್ರಮ್ಮನ್ನೂ ಬೇರೆಬೇರೆಯಾಗಿ ನುಡಿಸಿಕೊಂಡ. ಹೀಗೆ ಬಿಡಿಯಾಗಿ ಸಿಕ್ಕ ಪೆಟ್ಟನ್ನು ಎಎಂಎಸ್ ಎಂಬ ಡಿಜಿಟಲ್ ಡಿಲೇ ಯಂತ್ರದೊಳಗೆ ಹಾಯಿಸಿದ. ಆಗಷ್ಟೇ ಬಂದಿದ್ದ ಆ ಯಂತ್ರ ಸದ್ದನ್ನು ನೆನಪಿನಲ್ಲಿಟ್ಟುಕೊಂಡು ಕೆಲವೇ ಮಿಲಿಸೆಕೆಂಡುಗಳ ನಂತರ ಮರಳಿಸುತ್ತದೆ. ಅಂತರ ಅಷ್ಟು ಕಿರಿದಾದಾಗ ಕಿವಿಗೆ ಎರಡು ಪೆಟ್ಟು ಕೇಳುವುದಿಲ್ಲ, ಒಂದೇ ಪೆಟ್ಟು ಗೋಡೆಗಳ ನಡುವೆ ಬಿದ್ದಂತೆ ಕೇಳುತ್ತದೆ. ಎಲ್ಲೂ ಇಲ್ಲದ ಒಂದು ಕೋಣೆ ಹಾಗೆ ಹುಟ್ಟಿಕೊಂಡಿತು. ಈ ಆಲ್ಬಂನ ಖಾಲಿತನ ತಾನಾಗಿ ಬಂದದ್ದಲ್ಲ, ಆತ ಕಟ್ಟಿದ್ದು.

ಕಟ್ಟಡದ ಲಿಫ್ಟಿನ ಸದ್ದು, ಒಡೆಯುವ ಗಾಜು ಎಲ್ಲವೂ ಆತನಿಗೆ ವಾದ್ಯಗಳೇ. ‘ಇನ್‌ಸೈಟ್’ ಹಾಡಿನಲ್ಲಿ ಗಾಯಕ ಇಯಾನ್ ಕರ್ಟಿಸ್‌ನ ದನಿ ದೂರದಿಂದ ಬರಬೇಕಿತ್ತು. ಹ್ಯಾನೆಟ್ ಅದನ್ನು ಟೆಲಿಫೋನ್ ತಂತಿಯ ಮೂಲಕವೇ ಮುದ್ರಿಸಿದ. ‘ಶೀಸ್ ಲಾಸ್ಟ್ ಕಂಟ್ರೋಲ್’ನಲ್ಲಿ ತಾಳದೊಂದಿಗೆ ಬರುವ ಚುಸ್ಸೆನ್ನುವ ಸದ್ದು ಸ್ಪ್ರೇ ಡಬ್ಬಿಯದು. ಮ್ಯಾಕಲ್ಸ್‌ಫೀಲ್ಡಿನಲ್ಲಿ ಅಂಗವಿಕಲರಿಗೆ ಉದ್ಯೋಗ ಹುಡುಕಿಕೊಡುವ ಸರ್ಕಾರಿ ಕೆಲಸದಲ್ಲಿದ್ದ ಕರ್ಟಿಸ್, ಅಲ್ಲಿಗೆ ಬರುತ್ತಿದ್ದ ಮೂರ್ಛೆರೋಗದ ಯುವತಿಯೊಬ್ಬಳನ್ನು ನೆನೆದು ಬರೆದ ಹಾಡು ಅದು. ಅವನಿಗೂ ಅದೇ ರೋಗವಿದೆಯೆಂದು ವೈದ್ಯರು ಹೇಳಿದ್ದು 1979ರ ಜನವರಿಯಲ್ಲಿ.

ಸದ್ದುಗಳ ನಡುವೆ ಜಾಗ ಬಿಡುವ ಹ್ಯಾನೆಟ್‌ನ ಈ ಏರ್ಪಾಡಿನಲ್ಲಿ ಯಾರಿಗೆ ಹೆಚ್ಚು ಲಾಭವಾಯಿತೆಂದು ಕೇಳಿದರೆ, ದೂರು ಹೇಳಿದ ಹುಕ್‌ಗೇ ಎನ್ನುತ್ತೇನೆ. ಅವನ ಬೇಸ್ ಕೆಳಸ್ಥಾಯಿಯಲ್ಲಿ ಗುಡುಗುತ್ತ ಕೂರುವುದಿಲ್ಲ, ಮೇಲೇರಿ ರಾಗವನ್ನೇ ಹಾಡುತ್ತದೆ. ಗಿಟಾರ್ ಅಬ್ಬರಿಸಿದ್ದರೆ ಅದು ಮುಚ್ಚಿಹೋಗುತ್ತಿತ್ತು. ಹ್ಯಾನೆಟ್ ಗಿಟಾರನ್ನು ಹಿಂದಕ್ಕೆ ಸರಿಸಿ ಕೊಟ್ಟ ಜಾಗದಲ್ಲಿ ‘ಶೀಸ್ ಲಾಸ್ಟ್ ಕಂಟ್ರೋಲ್’ನ ಬೇಸ್ ಸಾಲು ಎಷ್ಟು ಸ್ಪಷ್ಟವಾಗಿ ನಿಂತಿದೆ, ಕೇಳಿ ನೋಡಿ. ವರ್ಷಗಳ ನಂತರ ಹ್ಯಾನೆಟ್‌ನ ಕೆಲಸದ ಬೆಲೆಯನ್ನು ಹುಕ್ ತಾನೇ ಒಪ್ಪಿಕೊಂಡ.

ಕವರಿನ ಚಿತ್ರ ಈಗ ಬೆಂಗಳೂರಿನಲ್ಲೂ ಟಿ-ಶರ್ಟುಗಳ ಮೇಲೆ ಕಾಣುತ್ತದೆ. 1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಗುರುತಿಸಿದ ಮೊದಲ ಪಲ್ಸಾರ್ ನಕ್ಷತ್ರದ ರೇಡಿಯೋ ಮಿಡಿತಗಳನ್ನು ಒಂದರ ಕೆಳಗೊಂದು ಜೋಡಿಸಿದ ನಕ್ಷೆ ಅದು. ಮಿಡಿತದಿಂದ ಮಿಡಿತಕ್ಕೆ 1.337 ಸೆಕೆಂಡು. ತಂಡದವರು ಖಗೋಳ ವಿಶ್ವಕೋಶವೊಂದರಲ್ಲಿ ಕಂಡು ತಂದ ಚಿತ್ರವನ್ನು ವಿನ್ಯಾಸಕ ಪೀಟರ್ ಸ್ಯಾವಿಲ್ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆಗಳಾಗಿ ತಿರುಗಿಸಿದ. ಮುಂಬದಿಯಲ್ಲಿ ತಂಡದ ಹೆಸರಿಲ್ಲ, ಆಲ್ಬಂನ ಹೆಸರೂ ಇಲ್ಲ. ಅಂಗಡಿಯವನಿಗೆ ಇದೇನೆಂದು ಹೇಳುವ ಅಕ್ಷರವೇ ಮುಂಬದಿಯಲ್ಲಿ ಇಲ್ಲದ ರೆಕಾರ್ಡನ್ನು ಹೊಸ ತಂಡವೊಂದು ಹೊರತರುವುದಕ್ಕೆ ದೊಡ್ಡ ಕಂಪನಿ ಒಪ್ಪುತ್ತಿತ್ತೆಂದು ನನಗನ್ನಿಸುವುದಿಲ್ಲ.

ಮೊದಲ ಮುದ್ರಣ 10,000 ಪ್ರತಿ. ಆಲ್ಬಂನಿಂದ ಒಂದು ಹಾಡನ್ನೂ ಸಿಂಗಲ್ ಆಗಿ ಬಿಡಲಿಲ್ಲ. ಅದೇ ವರ್ಷ ಬಂದ ‘ಟ್ರಾನ್ಸ್‌ಮಿಷನ್’ ಬೇರೆಯೇ ಮುದ್ರಣ. ವಿಮರ್ಶಕರು ಮೆಚ್ಚಿದರೂ ಬ್ರಿಟನ್ನಿನ ಮುಖ್ಯ ಮಾರಾಟ ಪಟ್ಟಿಗೆ ಈ ಆಲ್ಬಂ ಆ ವರ್ಷ ಬರಲಿಲ್ಲ. ಬಂದದ್ದು 1980ರಲ್ಲಿ, ಕರ್ಟಿಸ್ ತೀರಿಕೊಂಡ ಮೇಲೆ. ಆ ವರ್ಷದ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಮುನ್ನಾದಿನ, ಇಪ್ಪತ್ಮೂರರ ಹರೆಯದಲ್ಲೇ ಅವನು ಬದುಕು ಮುಗಿಸಿಕೊಂಡ. ಅಂದಿನಿಂದ ಅನೇಕರು ಈ ಹಾಡುಗಳಲ್ಲಿ ಆ ಸಾವಿನ ಮುನ್ಸೂಚನೆ ಹುಡುಕುತ್ತಾರೆ. ಅದು ನನಗೆ ಸರಿಕಾಣುವುದಿಲ್ಲ. ಇಲ್ಲಿರುವುದು ಇಪ್ಪತ್ತರ ಆಸುಪಾಸಿನ ನಾಲ್ವರು ಹುಡುಗರು ಶ್ರದ್ಧೆಯಿಂದ ಮಾಡಿದ ಕೆಲಸ, ಅದನ್ನು ಕೆಲಸವಾಗಿಯೇ ಕೇಳುವುದು ಅವರಿಗೆ ಸಲ್ಲಬೇಕಾದ ಗೌರವ.

ಹೊಸದಾಗಿ ಕೇಳುವವರಿಗೆ ಒಂದು ಮಾತು. ಆಲ್ಬಂ ಅನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ‘ಡಿಸಾರ್ಡರ್’ನಿಂದ ಹಿಡಿದು ಕೊನೆಯವರೆಗೆ ಕೇಳಿ. ಆಮೇಲೆ 1979ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಲೆ ಬ್ಯಾಂ ದೂಶ್ ಕ್ಲಬ್ಬಿನಲ್ಲಿ ತಂಡ ನುಡಿಸಿದ ಕಾರ್ಯಕ್ರಮದ ಮುದ್ರಿಕೆ ಹುಡುಕಿ, 2001ರಲ್ಲಿ ಹೊರಬಂದಿದೆ. ‘ಡಿಸಾರ್ಡರ್’, ‘ಇನ್‌ಸೈಟ್’, ‘ಶ್ಯಾಡೋಪ್ಲೇ’ ಮೂರೂ ಅಲ್ಲಿವೆ. ಸಮ್ನರ್ ಮತ್ತು ಹುಕ್ ಬಯಸಿದ್ದ ಕಾವು ಅಲ್ಲಿ ಉರಿಯುತ್ತಿದೆ. ಎರಡನ್ನೂ ಇಟ್ಟುಕೊಳ್ಳಿ. ಒಂದನ್ನೇ ಆರಿಸಬೇಕೆಂದರೆ ನಾನು ಸ್ಟಾಕ್‌ಪೋರ್ಟಿನದ್ದನ್ನೇ ಆರಿಸುತ್ತೇನೆ.