ದಾರಿ ಕಡಿದವರು, ಕಂಬ ಎಣಿಸುವವರು

ಮೆಲ್ಬರ್ನಿಗೆ ವರ್ಷದ ಮಟ್ಟಿಗೆ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರು ಡಿಸೆಂಬರ್ ಹತ್ತಿರವಾದಂತೆ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ‘ಗ್ರೇಟ್ ಓಶನ್ ರೋಡಿಗೆ ಯಾವಾಗ?’ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬಹಳಷ್ಟು ಆಫೀಸುಗಳಿಗೆ ರಜೆ. ವರ್ಷವಿಡೀ ಕೂಡಿಟ್ಟ ಆಸೆಯೆಲ್ಲ ಆ ಎಂಟು ದಿನದಲ್ಲೇ ತೀರಬೇಕು. ನಾನು ಗೋಕಾಕದ ಕಡೆಯವನು. ಆ ಸಲ ನಮ್ಮ ಕಾರಿನಲ್ಲಿ ಮೂಡಲಗಿಯ ಗೆಳೆಯ ಮತ್ತು ಹುಕ್ಕೇರಿಯ ಗಂಡಹೆಂಡತಿ ಇದ್ದರು. ನಸುಕಿನ ಐದಕ್ಕೆ ಹೊರಡುವುದು, ಹೋಗುವಾಗ ಕಡಲದಂಡೆಯ ದಾರಿ, ಬರುವಾಗ ಕೊಲ್ಯಾಕ್ ಮೇಲಿನ ಒಳದಾರಿ, ಮಲಗುವ ಹೊತ್ತಿಗೆ ಮನೆ. ಒಟ್ಟು ಐನೂರು ಕಿಲೋಮೀಟರು. ಅಲ್ಲಿರುವ ಕನ್ನಡದ ಕುಟುಂಬಗಳಲ್ಲಿ ಈ ಒಂದು ದಿನದ ಓಟ ಈಗ ಪದ್ಧತಿಯೇ ಆಗಿಬಿಟ್ಟಿದೆ. ಅದನ್ನು ತೂಗಿ ನೋಡಬೇಕು ಅನ್ನಿಸಿದ್ದು ನಾನೂ ಹಾಗೇ ಒಮ್ಮೆ ಓಡಿ ಬಂದ ಮೇಲೆ.

ಮೊದಲು ದಾರಿಯ ಮಾತು. ಟಾರ್ಕೀಯಿಂದ ಅಲನ್ಸ್‌ಫರ್ಡ್‌ವರೆಗೆ 243 ಕಿಲೋಮೀಟರು. ಬಲಗಡೆ ಗುಡ್ಡದ ಗೋಡೆ, ಎಡಗಡೆ ಕೆಳಗೆ ದಕ್ಷಿಣದ ಸಮುದ್ರ. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳದ್ದು ರಸ್ತೆಯ ಎಡಬದಿ, ಹಾಗಾಗಿ ಮೆಲ್ಬರ್ನಿನಿಂದ ಹೋಗುವವರಿಗೆ ನೀರು ಮಗ್ಗುಲಲ್ಲೇ ಇರುತ್ತದೆ. ಮೊದಲ ಮಹಾಯುದ್ಧದಿಂದ ಮರಳಿದ ಸುಮಾರು 3,000 ಸೈನಿಕರು 1919ರ ಸೆಪ್ಟೆಂಬರಿನಲ್ಲಿ ಶುರು ಮಾಡಿ 1932ರ ನವೆಂಬರಿಗೆ ಮುಗಿಸಿದ ಕೆಲಸ ಇದು. ಗುದ್ದಲಿ, ಸಲಿಕೆ, ಕೈಗಾಡಿ, ಸಿಡಿಮದ್ದು, ಹೆಚ್ಚುಕಡಿಮೆ ಇಷ್ಟೇ ಸಾಮಾನು. ಗುಡ್ಡದ ಮೇಲೆ ಡೇರೆ ಹಾಕಿಕೊಂಡು ಇದ್ದರು. ಎಂಟು ತಾಸಿನ ದುಡಿಮೆಗೆ ಹತ್ತು ಶಿಲಿಂಗ್ ಆರು ಪೆನ್ಸ್ ಕೂಲಿ. ಸತ್ತ ಜೊತೆಗಾರರ ನೆನಪಿಗೆ ಕಲ್ಲು ನೆಡುವ ಬದಲು ದಾರಿಯನ್ನೇ ಕಡಿದರು. ಇಡೀ ಕೆಲಸದ ಬೆನ್ನಿಗೆ ನಿಂತವರು ಜಿಲಾಂಗ್ ಊರಿನ ಮೇಯರ್ ಹಾವರ್ಡ್ ಹಿಚ್‌ಕಾಕ್. ದಾರಿ ತೆರೆಯಲು ಕೆಲವೇ ತಿಂಗಳಿದ್ದಾಗ ಅವರು ತೀರಿಕೊಂಡರು. ಉದ್ಘಾಟನೆಯ ಮೆರವಣಿಗೆಯಲ್ಲಿ ಅವರ ಕಾರನ್ನು ಹಾಗೆಯೇ ನಡೆಸಿಕೊಂಡು ಹೋದರಂತೆ.

ಇದ್ಯಾವುದೂ ಮೊದಲ ಸಲ ನಮಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಲು ಪುರಸೊತ್ತೂ ಇರಲಿಲ್ಲ. ಈಸ್ಟರ್ನ್ ವ್ಯೂ ಎಂಬಲ್ಲಿ ಮರದ ದೊಡ್ಡ ಕಮಾನು ಬರುತ್ತದೆ, ಪಕ್ಕದಲ್ಲಿ ದಾರಿ ಕಡಿದವರ ಕಂಚಿನ ಪ್ರತಿಮೆ. ಕಮಾನಿನ ಕೆಳಗೆ ಐದು ನಿಮಿಷ ನಿಂತು ಫೋಟೋ ತೆಗೆಸಿಕೊಂಡೆವು. ಪ್ರತಿಮೆಗೆ ಬೆನ್ನು ಕೊಟ್ಟು ನಿಂತಿದ್ದೆವು, ಆ ಚಿತ್ರ ಇನ್ನೂ ನನ್ನ ಫೋನಿನಲ್ಲಿದೆ. ಲಾರ್ನ್‌ನಲ್ಲಿ ಕಾಫಿ. ಅಪೋಲೋ ಬೇಯಲ್ಲಿ ಹುಕ್ಕೇರಿಯ ವೈನಿ ಬುತ್ತಿ ಬಿಚ್ಚಿದರು: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸಮುದ್ರ ನೋಡುತ್ತ ಉಂಡ ಆ ಊಟವೊಂದೇ ಅವತ್ತು ನಾವು ಅವಸರವಿಲ್ಲದೆ ಮಾಡಿದ ಕೆಲಸ. ಅಪೋಲೋ ಬೇ ದಾಟಿದ ಮೇಲೆ ದಾರಿ ನೀರನ್ನು ಬಿಟ್ಟು ಆಟ್ವೇ ಕಾಡು ಹೊಗುತ್ತದೆ. ಆಕಾಶ ಕಾಣದಷ್ಟು ಎತ್ತರದ ಮರಗಳು, ಕೆಳಗೆ ಆಳೆತ್ತರದ ಜರೀಗಿಡ. ಹಿಂದಿನ ಸೀಟಿನವರು ನಿದ್ದೆ ಹೋಗಿದ್ದರು. ಗಾಡಿ ನಡೆಸುತ್ತಿದ್ದ ಮೂಡಲಗಿಯ ಗೆಳೆಯ, ‘ಸಮುದ್ರ ಎಲ್ಲಿ ಹೋತಪಾ, ದಾರಿ ತಪ್ಪಿದೇವೇನು?’ ಅಂದ. ನನ್ನ ಮಟ್ಟಿಗೆ ಈ ರಸ್ತೆಯ ಅತ್ಯಂತ ಚೆಲುವಾದ ತುಂಡು ಅದೇ. ಕಾಡು ಸಮುದ್ರವನ್ನು ಒಂದು ತಾಸು ಬಚ್ಚಿಟ್ಟು ಆಮೇಲೆ ಒಮ್ಮೆಲೇ ಎದುರಿಗೆ ತಂದು ನಿಲ್ಲಿಸುತ್ತದೆ. ಮಲಗಿಕೊಂಡು ಹೋದವರಿಗೆ ಆ ಸುಖ ಸಿಗುವುದಿಲ್ಲ.

ಕಡೆಗೆ ಟ್ವೆಲ್ವ್ ಅಪಾಸಲ್ಸ್. ತೆರೆ ಹೊಡೆದು ಹೊಡೆದು ದಂಡೆಯಿಂದ ಬೇರೆಯಾಗಿ ನೀರಿನಲ್ಲಿ ನಿಂತ ಸುಣ್ಣಗಲ್ಲಿನ ಕಂಬಗಳು. ಜನವೋ ಜನ, ತಲೆಯ ಮೇಲೆ ಹೆಲಿಕಾಪ್ಟರಿನ ಸದ್ದು. ಹುಕ್ಕೇರಿಯ ಅಣ್ಣ ಬೆರಳು ಮಡಚಿ ಎಣಿಸಿದರು. ಎಷ್ಟು ಎಣಿಸಿದರೂ ಹನ್ನೆರಡಾಗಲಿಲ್ಲ. ಆಗುವುದೂ ಇಲ್ಲ. ಅವು ಯಾವತ್ತೂ ಹನ್ನೆರಡು ಇರಲೇ ಇಲ್ಲ. ಹೆಣ್ಣುಹಂದಿ ಮತ್ತು ಮರಿಗಳು ಎಂಬ ಹಳೆಯ ಹೆಸರನ್ನು ಪ್ರವಾಸಿಗರಿಗಾಗಿ ಬದಲಿಸಿ ಏಸುವಿನ ಹನ್ನೆರಡು ಶಿಷ್ಯರ ಹೆಸರಿಟ್ಟರು. ಇದ್ದ ಒಂಬತ್ತರಲ್ಲಿ ಒಂದು 2005ರ ಜುಲೈನಲ್ಲಿ ಕುಸಿದು ಕಲ್ಲಿನ ಗುಪ್ಪೆಯಾಯಿತು. ಇನ್ನಷ್ಟು ಪಶ್ಚಿಮಕ್ಕಿರುವ ಲಂಡನ್ ಬ್ರಿಜ್ ಎಂಬ ಕಲ್ಲುಸೇತುವೆಯ ದಂಡೆಗಂಟಿದ ಕಮಾನು 1990ರ ಜನವರಿಯಲ್ಲಿ ಕಳಚಿ ಬಿದ್ದಾಗ ಆಚೆ ತುದಿಯಲ್ಲಿ ಸಿಕ್ಕಿಬಿದ್ದ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತಂದರು. ಬೀಳುವುದೇ ಆ ದಂಡೆಯ ಗುಣ. ನಾವು ಮಾತ್ರ ಅದನ್ನು ಗುಡಿಯ ಕಂಬದಂತೆ ಎಣಿಸಿ, ಮುಟ್ಟಿ ಬಂದೆವೆಂಬ ಸಮಾಧಾನದಲ್ಲಿ ಕಾರು ತಿರುಗಿಸುತ್ತೇವೆ.

ಆ ರಾತ್ರಿ ಚಿತ್ರಗಳನ್ನೆಲ್ಲ ಕೊಣ್ಣೂರಿಗೆ ಅಪ್ಪನಿಗೆ ಕಳಿಸಿದೆ. ಅವರು ಗೋಕಾಕ ಫಾಲ್ಸ್‌ನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಕಂಬಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಿಟಕಿಯಿಂದ ತೆಗೆದ, ಅಲುಗಾಡಿದ ಒಂದು ಚಿತ್ರವನ್ನೇ ಹಿಗ್ಗಿಸಿ ನೋಡಿ ಕೇಳಿದರು: ‘ಛಲೋ ಐತಿ. ಈ ಗುಡ್ಡಾ ಕಡದು ದಾರಿ ಮಾಡಿದಾವ್ರು ಯಾರು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಸ್ಟರ್ ರಜೆಗೆ ಅದೇ ದಾರಿಯಲ್ಲಿ ಮತ್ತೆ ಹೋದದ್ದು ಆ ಪ್ರಶ್ನೆಗಾಗಿ. ಈ ಸಲ ಮೂರು ದಿನ, ಎರಡು ರಾತ್ರಿ ವಸತಿ, ಕಂಬಗಳವರೆಗೆ ಹೋಗಲೇಬೇಕೆಂಬ ಹಟ ಇಲ್ಲ.

ಒಂದೇ ದಿನಕ್ಕೆ ಓಡಿ ಬರುವವರನ್ನು ನಾನು ಹೀಗಳೆಯುವುದಿಲ್ಲ. ಆ ಅವಸರದ ಹಿಂದೆ ನ್ಯಾಯವಾದ ಕಾರಣವಿದೆ. ಆಸ್ಟ್ರೇಲಿಯಾದ ವರ್ಕ್ ಆ್ಯಂಡ್ ಹಾಲಿಡೇ ವೀಸಾ 2024ರಿಂದ ಭಾರತದವರಿಗೂ ಸಿಗುತ್ತಿದೆ. 18ರಿಂದ 30 ವಯಸ್ಸಿನವರಿಗೆ ವರ್ಷಕ್ಕೆ 1,000 ಮಾತ್ರ, ಅದೂ ಚೀಟಿ ಎತ್ತಿ. ಆ ವೀಸಾದ ಉದ್ದೇಶವೇ ದುಡಿಯುತ್ತ ತಿರುಗಾಡುವುದು, ತಿರುಗಾಟಕ್ಕೆಂದೇ ದುಡಿಯುವುದು. ನಾವು ಹೋದದ್ದು ಆ ದಾರಿಯಿಂದಲ್ಲ, ಕಂಪನಿಯ ಕೆಲಸಕ್ಕೆ. ನಮ್ಮ ಮನೆಗಳಲ್ಲಿ ಪರದೇಶದ ಒಂದು ವರ್ಷ ಎಂದರೆ ಸಾಲದ ಕಂತು, ತಂಗಿಯ ಮದುವೆ, ಹೊಲದಲ್ಲೊಂದು ಬೋರು. ಬಾಡಿಗೆ ಕಾರಿಗೆ ಇನ್ನೊಂದು ದಿನದ ದುಡ್ಡು ಕೊಡುವಾಗ ಮನಸ್ಸು ಹಿಂದೆಗೆಯುತ್ತದೆ, ಲಾರ್ನ್‌ನಲ್ಲಿ ಒಂದು ರಾತ್ರಿ ತಂಗುವ ಖರ್ಚನ್ನು ರೂಪಾಯಿಗೆ ತಿರುಗಿಸಿದರೆ ಎದೆ ಝಲ್ ಎನ್ನುತ್ತದೆ. ಇದೆಲ್ಲ ನಿಜ. ಆದರೂ ನನ್ನ ತಕರಾರು ಉಳಿಯುತ್ತದೆ. ದುಡ್ಡು ಇಲ್ಲದಿದ್ದರೆ ಅರ್ಧ ದಾರಿಗೇ ನಿಲ್ಲಬಹುದು. ಟಾರ್ಕೀಯಿಂದ ಲಾರ್ನ್‌ವರೆಗೆ ಹೋಗಿ, ಸಂಜೆಯವರೆಗೆ ಕೂತು, ಮರಳಿ ಬಂದರೂ ಆ ದಿನ ತುಂಬಿದ ದಿನ. ತುದಿ ಮುಟ್ಟದಿದ್ದರೆ ಹೋದದ್ದು ವ್ಯರ್ಥ ಎಂಬ ಲೆಕ್ಕ ನಮ್ಮ ತಲೆಯಲ್ಲಿದೆ, ಜೇಬಿಗೂ ಅದಕ್ಕೂ ಸಂಬಂಧವಿಲ್ಲ.

ಊರಲ್ಲಿಯೂ ನಾವು ಹೀಗೇ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ, ಆಂಬೋಲಿ ಘಾಟು ಇಳಿದು ಸಾವಂತವಾಡಿ ದಾಟಿ ಕೊಂಕಣದ ದಂಡೆಗೆ ಹೋಗುವಾಗ ಕ್ರೂಸರ್ ಗಾಡಿ ರಾತ್ರಿಯೇ ಹೊರಡುತ್ತದೆ. ಘಾಟು ಇಳಿಯುವುದೆಲ್ಲ ಕತ್ತಲಲ್ಲಿ, ಬೆಳಕು ಹರಿದಾಗ ನೇರ ಮರಳಿನ ಮೇಲೆ. ಗೋಕಾಕ ಫಾಲ್ಸ್‌ಗೆ ಬರುವವರೂ 170 ಅಡಿ ಧುಮುಕುವ ಘಟಪ್ರಭೆಯನ್ನು ಫೋನಿನಲ್ಲಿ ಹಿಡಿದು ಹೊಳ್ಳುತ್ತಾರೆ. ಆ ನೀರಿನ ಬಲ ನಂಬಿಯೇ 1880ರ ದಶಕದಲ್ಲಿ ಅಲ್ಲಿ ಗಿರಣಿ ಎದ್ದಿತು, ಮೂರು ತಲೆಮಾರಿನ ಒಲೆ ಉರಿದದ್ದು ಅದರಿಂದ ಎಂಬುದು ಎಷ್ಟು ಜನರ ಕಣ್ಣಿಗೆ ಬೀಳುತ್ತದೆ? ಅಪ್ಪನಂಥವರ ಕಣ್ಣಿಗೆ ಬೀಳುತ್ತದೆ.

ಗ್ರೇಟ್ ಓಶನ್ ರೋಡಿನಲ್ಲೂ ಕೊರತೆ ಇಲ್ಲದಿಲ್ಲ. ಸೈನಿಕರ ನೆನಪನ್ನು ಅದು ಗಟ್ಟಿಯಾಗಿ ಹೇಳುತ್ತದೆ. ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಆ ದಂಡೆಯಲ್ಲಿ ಬಾಳಿದ ವಾದವುರಂಗ್ ಮತ್ತು ಈಸ್ಟರ್ನ್ ಮಾರ್ ಜನರ ಬಗ್ಗೆ ಕಾರಿನಲ್ಲಿ ಹೋಗುವವನಿಗೆ ಕೇಳಿಸುವುದು ಬಹಳ ಕಡಿಮೆ. ಭೂಶಿರಗಳಿಗೆ ಬ್ರಿಟಿಷ್ ನೌಕಾಪಡೆಯವರ ಹೆಸರುಗಳು ಅಂಟಿಕೊಂಡಿವೆ. ಇನ್ನೊಂದು ಮಾತನ್ನು ನಮ್ಮವರಿಗೆ ಒತ್ತಿ ಹೇಳಬೇಕು. ನಮ್ಮಲ್ಲಿ ಡಿಸೆಂಬರ್ ಎಂದರೆ ಚಳಿ, ಕಬ್ಬಿನ ಟ್ರ್ಯಾಕ್ಟರ್ ಸಾಲು. ಅಲ್ಲಿ ಅದು ಕಾಡ್ಗಿಚ್ಚಿನ ಕಾಲ. 2015ರ ಕ್ರಿಸ್‌ಮಸ್ ದಿನವೇ ಇದೇ ದಂಡೆಯ ವೈ ರಿವರ್ ಮತ್ತು ಸೆಪರೇಶನ್ ಕ್ರೀಕ್‌ನಲ್ಲಿ 116 ಮನೆ ಸುಟ್ಟುಹೋದವು. ಹೊರಡುವ ಮುಂಚೆ ಬೆಂಕಿಯ ಸೂಚನೆ ನೋಡದೆ ಮಕ್ಕಳನ್ನು ಕಾರಿಗೆ ಹತ್ತಿಸುವುದು ತಪ್ಪು.

ಎರಡನೆಯ ಸಲ ಲಾರ್ನ್ ಮತ್ತು ಅಪೋಲೋ ಬೇ ನಡುವಿನ ತಿರುವುಗಳಲ್ಲಿ ಅರ್ಧ ದಿನ ಕಳೆದೆ. ಕೇಪ್ ಪ್ಯಾಟನ್ ಹತ್ತಿರ ಗಾಡಿ ನಿಲ್ಲಿಸಿ ಗುಡ್ಡದ ಗೋಡೆ ಮುಟ್ಟಿ ನೋಡಿದೆ. ಪದರು ಪದರು ಮರಳುಗಲ್ಲು. ಫಾಲ್ಸ್‌ನ ಬಂಡೆಯೂ ಮರಳುಗಲ್ಲೇ, ಆದರೆ ಅದು ಇನ್ನೂ ಗಡಸು. ಇಲ್ಲಿಯದು ಉಗುರಿಗೆ ಪುಡಿ ಕೊಡುತ್ತದೆ, ಪದರಿನ ಸಂದಿಯಿಂದ ನೀರು ಜಿನುಗಿ ಕೈ ತಣ್ಣಗಾಯಿತು. ಗೋಡೆಯಿಂದ ನಾಲ್ಕು ಹೆಜ್ಜೆಗೆ ಡಾಂಬರಿನ ಅಂಚು, ಅದರಾಚೆ ಪ್ರಪಾತ. ಇಷ್ಟು ಸಣ್ಣ ಜಾಗದಲ್ಲಿ ಕಾಲೂರಿ ಗುದ್ದಲಿ ಬೀಸಿದ್ದಾರೆ.

ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಗೋಡೆ ತೋರಿಸಿದೆ, ಸೈನಿಕರ ಕಥೆ ಹೇಳಿದೆ, ಕೂಲಿ ಎಷ್ಟೆಂದು ಹೇಳಿದೆ. 1924ರಲ್ಲಿ ಇದೇ ಜಾಗದ ಹತ್ತಿರ ಕಸೀನೊ ಎಂಬ ಉಗಿಹಡಗು ಬಂಡೆಗೆ ತಗಲಿದಾಗ ಭಾರ ಇಳಿಸಲು 500 ಪೀಪಾಯಿ ಬಿಯರನ್ನೂ 120 ಪೆಟ್ಟಿಗೆ ಮದ್ಯವನ್ನೂ ನೀರಿಗೆ ಎಸೆದದ್ದು, ಅವು ದಂಡೆಗೆ ತೇಲಿ ಬಂದದ್ದು, ದಾರಿ ಕಡಿಯುವವರು ಎರಡು ವಾರ ಗುದ್ದಲಿ ಮುಟ್ಟದೇ ಇದ್ದದ್ದು, ಎಲ್ಲ ಹೇಳಿದೆ. ಅಪ್ಪ ಬಾಯ್ತುಂಬ ನಕ್ಕರು. ಆಮೇಲೆ ಸುಮ್ಮನಾಗಿ, ಗೋಡೆಯ ಕಡೆಗೇ ಫೋನು ಹಿಡಿಯಲು ಹೇಳಿ, ಕೇಳಿದರು:

‘ಆ ಎರಡ ವಾರದ ಪಗಾರ ಕೊಟ್ಟರೋ, ಕಟ್ ಮಾಡಿದರೋ?’